ಕಂಪ್ಯೂಟರಿನೊಳಗೆ ಬಂದ ಬೀಗರು

ನಾನೊಮ್ಮೆ ಬೀಗರಿಗೆ ಬಡಿಸುವ ಭರದಲ್ಲಿ ಮನೆಯವರನ್ನು ಉಪವಾಸ ಕೆಡವಿದ್ದೇನೆ. ಬೀಗರೆಂದರೆ ಇಲ್ಲಿ ಮನುಷ್ಯರಲ್ಲ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ನಾನೇ ಕರೆದು ಕೂರಿಸಿದ ಇನ್ನೊಂದು ಕಂಪ್ಯೂಟರು. ಉಪವಾಸ ಬಿದ್ದದ್ದು ಹೊರಗಿನ ಕಂಪ್ಯೂಟರು. ಹಾಗಾದರೆ ಹಸಿದವರು ಯಾರೂ ಇಲ್ಲವಲ್ಲ ಎಂದು ನೀವು ಅನ್ನಬಹುದು. ಆದರೆ ಆ ಉಪವಾಸದಿಂದ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಮಗಳ ಲಗ್ನಪತ್ರಿಕೆ ನಿಂತುಹೋಗಿತ್ತು. ಪತ್ರಿಕೆ ನೋಡಲು ನಿಜವಾದ ಬೀಗರು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ವೈರು ನೋಡುವ ನೆಪದಲ್ಲಿ ಟೇಬಲ್ಲಿನ ಕೆಳಗೆ ಅಡಗಿದ್ದೆ. ಈ ಸಂಗತಿ ಕುಷ್ಟಗಿಯಲ್ಲಿ ಅರ್ಧ ಊರಿಗೆ ಗೊತ್ತು. ಅವರು ಹೇಳಿದರೆ ಖಾರ ಹೆಚ್ಚು ಹಾಕುತ್ತಾರೆ. ನನ್ನ ಮಾನ ನಾನೇ ಕಳೆದುಕೊಂಡರೆ ಸ್ವಲ್ಪ ಹದವಾಗಿ ಕಳೆಯಬಹುದೆಂದು ನಿಮಗೆ ಹೇಳುತ್ತಿದ್ದೇನೆ.

ಇವತ್ತು ಇದು ನೆನಪಾದದ್ದು ಒಂದು ವಾಸನೆಯಿಂದ. ನಾನಿರುವುದು ಕೊಪ್ಪಳದಲ್ಲಿ. ಬೆಳಿಗ್ಗೆ ಕುಷ್ಟಗಿ ಬಸ್ಸಿನ ಕಂಡಕ್ಟರು ಕೈಗೆ ಒಂದು ಕವರು ಕೊಟ್ಟು, ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಸೀಟಿ ಊದಿಬಿಟ್ಟರು. ಕವರಿನ ಮೂಲೆಗಳಿಗೆ ಅರಿಷಿಣ ಹಚ್ಚಿತ್ತು. ಒಳಗೆ ಚಿಗವ್ವನ ಮಗಳು ಗೀತಾಳ ಮಗುವಿನ ತೊಟ್ಟಿಲ ಕಾರ್ಯದ ಕಾರ್ಡು. ಮೂಗಿಗೆ ಹಿಡಿದೆ. ಹಸಿ ಇಂಕು, ಅರಿಷಿಣ, ಅದರ ಹಿಂದೆ ಎಲ್ಲೋ ಬೆಳ್ಳುಳ್ಳಿ ಒಗ್ಗರಣೆ. ಚಿಗವ್ವನ ಅಂಗಡಿಯಿಂದ ಬರುವ ಯಾವ ಕಾಗದವೂ ಒಗ್ಗರಣೆ ಇಲ್ಲದೆ ಬರುವುದಿಲ್ಲ. ಕಾರ್ಡಿನ ತಲೆಯ ಮೇಲೆ ‘ಶ್ರೀ’ ಇತ್ತು. ಬಾಲವನ್ನು ಎರಡು ಸುತ್ತು ಸುತ್ತಿಕೊಂಡು, ಉಂಡು ಒರಗಿದ ಬೆಕ್ಕಿನ ಹಾಗೆ ಕೂತಿರುವ ಶ್ರೀ. ಆ ಅಕ್ಷರ ಹೊಸ ಕಂಪ್ಯೂಟರುಗಳಲ್ಲಿ ಸಿಗುವುದಿಲ್ಲ. ಅದು ಇನ್ನೂ ಜೀವಂತ ಇರುವುದಕ್ಕೆ ನಾನು ಕಾರಣ. ಅದು ಸಾಯುವುದರಲ್ಲಿದ್ದದ್ದಕ್ಕೂ ನಾನೇ ಕಾರಣ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಕೊಪ್ಪಳದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಪಾಠ ಹೇಳುತ್ತೇನೆ. ಹುಡುಗರು ಸರ್ ಅನ್ನುತ್ತಾರೆ. ನಮ್ಮ ಬಳಗದಲ್ಲಿ ನನ್ನನ್ನು ಇಂಜಿನಿಯರ್ ಎಂದೇ ತಿಳಿದಿದ್ದಾರೆ. ನಾನು ಅಲ್ಲ ಅಂದರೆ ಹುಡುಗನಿಗೆ ಸೊಕ್ಕಿಲ್ಲ ನೋಡು ಎಂದು ಇನ್ನೂ ಮೆಚ್ಚುತ್ತಾರೆ. ಹೀಗಾಗಿ ಯಾರ ಮನೆಯಲ್ಲಿ ಟಿವಿ ಕೆಟ್ಟರೂ, ಮಿಕ್ಸರ್ ಕೂಗಿದರೂ, ಫೋನಿನಲ್ಲಿ ಫೋಟೋ ತುಂಬಿದರೂ ನನಗೆ ಕರೆ. ನನಗೆ ಗೊತ್ತಿರುವ ವಿದ್ಯೆ ಒಂದೇ, ಆಫ್ ಮಾಡಿ ಆನ್ ಮಾಡುವುದು. ಹತ್ತರಲ್ಲಿ ಎಂಟು ಸಲ ಅದು ಕೆಲಸ ಮಾಡುತ್ತದೆ. ಉಳಿದ ಎರಡು ಸಲ ನಾನು ಗಂಭೀರವಾಗಿ ಮುಖ ಮಾಡಿ, ಇದಕ್ಕೆ ಕಂಪನಿಯವರೇ ಬರಬೇಕು ಅನ್ನುತ್ತೇನೆ.

ನನ್ನ ಚಿಗವ್ವನದು ಕುಷ್ಟಗಿಯಲ್ಲಿ ಪತ್ರಿಕೆ ಕಂಪೋಸ್ ಮಾಡುವ ಅಂಗಡಿ. ಲಗ್ನ, ಮನೆ ಶಾಂತಿ, ತೊಟ್ಟಿಲು, ಸೀಮಂತ, ಯಾವುದಕ್ಕೆ ಮಂದಿ ಕರೆಯಬೇಕೋ ಅದಕ್ಕೆಲ್ಲ ಚಿಗವ್ವ ಕಾರ್ಡು ಮಾಡುತ್ತಾಳೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹಿಂದೆ ಪರದೆ ಸರಿಸಿದರೆ ಪಡಸಾಲೆ, ಅದರಾಚೆ ಅಡಿಗೆಮನೆ. ಒಂದು ಕೈ ಕೀಬೋರ್ಡಿನ ಮೇಲೆ, ಒಂದು ಕಿವಿ ಕುಕ್ಕರಿನ ಕಡೆ. ಹನುಮಸಾಗರದಿಂದ ಬಂದವರು ತಮ್ಮ ಅಜ್ಜನ ಹೆಸರು ಮರೆತರೆ ಚಿಗವ್ವ ನೆನಪು ಮಾಡಿಕೊಡುತ್ತಾಳೆ, ಏಕೆಂದರೆ ಅವರ ಅಕ್ಕನ ಲಗ್ನದ ಕಾರ್ಡನ್ನೂ ಅವಳೇ ಮಾಡಿರುತ್ತಾಳೆ.

ಇಷ್ಟೆಲ್ಲ ನಡೆಯುತ್ತಿದ್ದದ್ದು ಒಂದು ಮುದಿ ಕಂಪ್ಯೂಟರಿನ ಮೇಲೆ, ಅದಕ್ಕಿಂತ ಮುದಿಯಾದ ಒಂದು ಕನ್ನಡ ಸಾಫ್ಟ್‌ವೇರಿನಲ್ಲಿ. ಗೀತಾಳ ನಿಶ್ಚಯವಾದ ಮರುವಾರವೇ ಆ ಕಂಪ್ಯೂಟರು ಪ್ರಾಣ ಬಿಟ್ಟಿತು. ಹೊಸದನ್ನು ತಂದರು. ಹಳೆಯದರ ಫೈಲುಗಳನ್ನು ಹೊಸದಕ್ಕೆ ಸಾಗಿಸಿದ್ದು ನಾನೇ. ಸಾಗಿಸಿ, ಒಂದು ಹಳೇ ಕಾರ್ಡು ತೆರೆದು, ಜಂಬದಿಂದ ಪಕ್ಕಕ್ಕೆ ಸರಿದು ನಿಂತೆ. ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ವರನ ಹೆಸರಿದ್ದಲ್ಲಿ ತಲೆಯ ಮೇಲೆ ಚುಕ್ಕೆ ಹೊತ್ತ, ಕಾಲಿಗೆ ಕೊಕ್ಕೆ ಕಟ್ಟಿಕೊಂಡ ಪರದೇಶಿ ಅಕ್ಷರಗಳು ಜಗಳಕ್ಕೆ ನಿಂತಿದ್ದವು. ಚಿಗವ್ವ ಕನ್ನಡಕ ಏರಿಸಿ ನೋಡಿದಳು.

“ಇದು ಯಾರ ಲಗ್ನ ಅಂತ ಓದಲಿ? ಇದನ್ನ ಮನಿಮನಿಗೆ ಕೊಟ್ರ ಮಂದಿ ಮಾಟ ಮಾಡ್ಸ್ಯಾರ ಅಂತ ತಿಳೀತಾರ,” ಅಂದಳು.

ಹಳೇ ಸಾಫ್ಟ್‌ವೇರಿನ ಸೀಡಿ ಕಪಾಟಿನಲ್ಲಿತ್ತು, ಆದರೆ ಅಷ್ಟು ಹಳೆಯದು ಹೊಸ ವಿಂಡೋಸಿನಲ್ಲಿ ಓಡುವಂತಿರಲಿಲ್ಲ. ಬೇರೆ ಸಾಫ್ಟ್‌ವೇರ್ ಹಾಕೋಣ ಅಂದರೆ ಅದರ ಕೀಲಿಗಳ ಜೋಡಣೆಯೇ ಬೇರೆ. ಚಿಗವ್ವ ‘ಗೀತಾ’ ಎಂದು ಒತ್ತಿದರೆ ಬೇರೆಯೇ ಏನೋ ಮೂಡುತ್ತಿತ್ತು. ಅವಳ ಬೆರಳುಗಳು ಇಷ್ಟು ವರ್ಷ ಒಂದೇ ದಾರಿಯಲ್ಲಿ ನಡೆದು ರೂಢಿಯಾಗಿದ್ದವು.

ಆಗ ಮಂಗಳೂರಿನಿಂದ ಫೋನು ಬಂತು. ಸಮುದ್ರದ ಮಂಗಳೂರಲ್ಲ, ಇದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಗೀತಾಳನ್ನು ಮಂಗಳೂರಿಗೆ ಕೊಟ್ಟಿದ್ದೇವೆ ಅಂದಾಗ ಕೊಪ್ಪಳದ ನನ್ನ ಗೆಳೆಯರು, ಹಾಗಾದರೆ ಇನ್ನು ಮೀನಿಗೆ ಕೊರತೆಯಿಲ್ಲ ಬಿಡು ಅಂದಿದ್ದರು. ಫೋನು ಮಾಡಿದವರು ಗಂಡಿನ ತಂದೆ. ಕಂಪ್ಯೂಟರು ಕೆಟ್ಟ ಸುದ್ದಿ ಅವರಿಗೆ ತಲುಪಿತ್ತು. ಗಂಗಾವತಿಯಲ್ಲಿ ತಮ್ಮ ಪರಿಚಯದವರ ದೊಡ್ಡ ಪ್ರೆಸ್ಸಿದೆ, ಬಣ್ಣಬಣ್ಣದ ಕಾರ್ಡು ಮಾಡುತ್ತಾರೆ, ನೀವು ತ್ರಾಸು ತೆಗೆದುಕೊಳ್ಳಬೇಡಿ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಗುರುವಾರ ನಮ್ಮಲ್ಲಿಗೆ ಬಂದು ಮಾತು ಮುಗಿಸಿಕೊಂಡು, ಅಲ್ಲಿಂದ ಸೀದಾ ಗಂಗಾವತಿಗೆ ಹೋಗುವ ವಿಚಾರವಿತ್ತು.

ಚಿಗವ್ವ ಫೋನಿನಲ್ಲಿ ಹೂಂ ಅಂದಳು. ಫೋನು ಇಟ್ಟು ಒಳಗೆ ಹೋಗಿ ಬಂದು, ನನ್ನ ಮುಂದೆ ಚಹಾ ಇಟ್ಟು ಅಂದಳು:

“ತಾಲೂಕಿನ ಮಂದಿ ಹೆಣ್ಣುಮಕ್ಕಳಿಗೆಲ್ಲ ನಾ ಪತ್ರಿಕಿ ಮಾಡೀನಿ. ನನ್ನ ಮಗಳಿಗೆ ಗಂಗಾವತಿಯವ್ರು ಮಾಡೂದ? ನೀ ಇಂಜಿನಿಯರ್ ಅದೀಯಲ್ಲೋ, ಏನರೆ ಮಾಡು.”

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಬಾಯಿಗೆ ಬಿಸ್ಕೀಟು ಬಂತು.

ಅವತ್ತು ಕೊಪ್ಪಳದ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕುತ್ತ ಹೋದಾಗ ನನಗೆ ವರ್ಚುವಲ್ ಮಷೀನ್ ಸಿಕ್ಕಿತು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಗೊತ್ತಿದ್ದರೆ ನಗಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಹಾಕುತ್ತೀರಿ. ಅದು ಒಂದು ಕಿಟಕಿ ತೆರೆಯುತ್ತದೆ. ಆ ಕಿಟಕಿಯೊಳಗೆ ಇನ್ನೊಂದು ಪೂರಾ ಕಂಪ್ಯೂಟರು ಎದ್ದು ಕೂರುತ್ತದೆ. ಹೊರಗಿನದು ಎಷ್ಟೇ ಹೊಸದಿರಲಿ, ಒಳಗಿನದನ್ನು ನಿಮಗೆ ಬೇಕಾದಷ್ಟು ಹಳೆಯದು ಮಾಡಬಹುದು. ಅಲ್ಲಿ ಹಳೇ ವಿಂಡೋಸ್, ಹಳೇ ಸಾಫ್ಟ್‌ವೇರ್ ಎಲ್ಲ ಓಡುತ್ತವೆ. ತಮಾಷೆಯೆಂದರೆ ತಾನು ಇನ್ನೊಬ್ಬರ ಮನೆಯೊಳಗಿದ್ದೇನೆ ಎಂಬುದು ಆ ಒಳಗಿನ ಕಂಪ್ಯೂಟರಿಗೆ ಗೊತ್ತೇ ಇರುವುದಿಲ್ಲ. ಮನೆಅಳಿಯನ ಹಾಗೆ ತಾನೇ ಯಜಮಾನ ಎಂದುಕೊಂಡು ಆರಾಮ ಇರುತ್ತದೆ. ಇದನ್ನು ಓದಿ ನನಗೆ ಎಷ್ಟು ಹುರುಪು ಬಂತೆಂದರೆ, ನನ್ನ ಸ್ಟಾಪು ದಾಟಿ ರೈಲ್ವೆ ಸ್ಟೇಷನ್ನಿನ ಹತ್ತಿರ ಇಳಿದು ನಡೆದುಕೊಂಡು ಬಂದೆ.

ಬುಧವಾರ ಬೆಳಿಗ್ಗೆಯೇ ಕುಷ್ಟಗಿ ಮುಟ್ಟಿದೆ. ಬಗಲಲ್ಲಿ ಗೆಳೆಯನಿಂದ ತಂದ ಹಳೇ ವಿಂಡೋಸಿನ ಸೀಡಿ, ಜೊತೆಗೆ ಸೀಡಿ ಡ್ರೈವು, ಏಕೆಂದರೆ ಹೊಸ ಕಂಪ್ಯೂಟರಿಗೆ ಸೀಡಿ ಹಾಕುವ ಬಾಯಿಯೇ ಇರಲಿಲ್ಲ. ಸಾಫ್ಟ್‌ವೇರ್ ಇಳಿಸಿದೆ. ನೆಕ್ಸ್ಟ್, ನೆಕ್ಸ್ಟ್, ಒಪ್ಪಿದೆ, ಫಿನಿಶ್. ಏನನ್ನು ಒಪ್ಪಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಚಿಗವ್ವ ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತ ಕೂತಿದ್ದಳು. ಮರುದಿನ ಬೀಗರು ಬರುವವರಿದ್ದರಿಂದ ಅಡಿಗೆಯ ತಯಾರಿ ಅಂಗಡಿಯವರೆಗೂ ಹರಡಿತ್ತು. ಹೊಸ ಮಷೀನಿಗೆ ಹೆಸರು ಇಡು ಅಂತು ಸಾಫ್ಟ್‌ವೇರು. ಚಿಗವ್ವ ಮನೆದೇವರ ಹೆಸರು ಇಡಿಸಿದಳು.

ನಾನು ನೋಡಿದ ವಿಡಿಯೋದಲ್ಲಿ ಹೊರಗಿನ ಕಂಪ್ಯೂಟರಿಗೆ ಹೋಸ್ಟ್ ಎಂದೂ ಒಳಗಿನದಕ್ಕೆ ಗೆಸ್ಟ್ ಎಂದೂ ಹೇಳಿದ್ದರು. ಅದನ್ನೇ ಚಿಗವ್ವನಿಗೆ ಪಾಠ ಮಾಡಿದೆ.

“ಗೆಸ್ಟ್ ಅಂದ್ರ?” ಅಂದಳು.

“ಬೀಗರು ಅಂತ ತಿಳ್ಕೊ ಚಿಗವ್ವ. ಹೊರಗಿಂದು ನಮ್ಮ ಮನಿ, ಒಳಗ ಬಂದಾವ್ರು ಬೀಗರು.”

“ಹಂಗಾರ ಅವ್ರಿಗೆ ಏನೂ ಕಮ್ಮಿ ಆಗಬಾರ್ದು ನೋಡ.”

ಈ ಮಾತು ಕಿವಿಯಲ್ಲಿರುವಾಗಲೇ ಪರದೆಯ ಮೇಲೆ ಪ್ರಶ್ನೆ ಬಂತು. ಗೆಸ್ಟ್‌ಗೆ ಮೆಮರಿ ಎಷ್ಟು ಕೊಡುತ್ತೀರಿ? ಕೆಳಗೆ ಒಂದು ಉದ್ದ ಪಟ್ಟಿ, ಅದರ ಮೇಲೆ ಎಳೆಯುವ ಗುಂಡಿ. ಪಟ್ಟಿ ಅರ್ಧದಾಚೆಯವರೆಗೆ ಹಸಿರು, ಕೊನೆಗೆ ಕೆಂಪು. ಕಂಪ್ಯೂಟರಿನಲ್ಲಿ ಇದ್ದದ್ದು ನಾಲ್ಕು ಜಿಬಿ. ಒಂದು ಜಿಬಿ ಕೊಟ್ಟರೆ ಸಾಕೆಂದು ವಿಡಿಯೋದವನು ಹೇಳಿದ್ದ. ಆದರೆ ಅವನು ಯಾವ ಊರಿನವನೋ. ಬೀಗರಿಗೆ ಒಂದು ಹೋಳಿಗೆ ಹಾಕಿ ಸಾಕು ಅನ್ನುವ ಊರು ನಮ್ಮ ಕಡೆ ಇಲ್ಲ. ನಮ್ಮಲ್ಲಿ ಬೀಗರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಡುತ್ತಾರೆ. ನಾನು ಗುಂಡಿಯನ್ನು ಎಳೆದೆ. ಎರಡು ದಾಟಿತು, ಮೂರು ದಾಟಿತು. ಹಸಿರು ಮುಗಿದು ಕೆಂಪಿಗೆ ಬಂತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಕೆಂಪು ಅಂದರೆ ಕುಂಕುಮದ ಬಣ್ಣ, ಶುಭವೇ ಇರಬೇಕು ಎಂದು ನನಗೆ ನಿಜವಾಗಿ ಅನಿಸಿತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಮದುವೆ ಮನೆಯಲ್ಲಿ ಬೇಡ ಬೇಡ ಅನ್ನುವವರ ಮಾತು ಯಾರು ಕೇಳುತ್ತಾರೆ? ಹೊರಗಿನ ಕಂಪ್ಯೂಟರಿಗೆ ಗಡಿಗೆಯ ತಳಕ್ಕೆ ಹತ್ತಿದ ಸೀಕಲಿನಷ್ಟು ಉಳಿಸಿ, ಉಳಿದದ್ದೆಲ್ಲ ಬೀಗರಿಗೆ ಸುರಿದೆ.

ಇದರ ನಡುವೆ ಇನ್ನೊಂದು ಅನಾಹುತ. ಒಳಗಿನ ಕಿಟಕಿಯಲ್ಲಿ ಒಮ್ಮೆ ಕ್ಲಿಕ್ ಮಾಡಿದೆ ನೋಡಿ, ಮೌಸಿನ ಬಾಣ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಎಡಕ್ಕೆ ಎಳೆದರೆ ಒಳಗಿನ ಗೋಡೆಗೆ ಹಾಯುತ್ತದೆ, ಬಲಕ್ಕೆ ಎಳೆದರೆ ಆ ಗೋಡೆಗೆ. ನಾನು ಮೌಸನ್ನು ಎತ್ತಿ ಕುಟ್ಟಿದೆ, ತಿರುಗಿಸಿದೆ, ಟೇಬಲ್ ಬಿಟ್ಟು ಗೋಡೆಯ ಮೇಲೆ ಉಜ್ಜಿದೆ. ಇಲಿ ಬೋನಿಗೆ ಬಿತ್ತನೋ ಎಂದು ಚಿಗವ್ವ ಕೇಳಿದಳು. ಕಿಟಕಿಯ ಕೆಳಮೂಲೆಯಲ್ಲಿ, ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಇಲಿ ಬಿಡುಗಡೆ ಎಂದು ಸಣ್ಣಗೆ ಬರೆದಿತ್ತು. ಆದರೆ ಕೀಬೋರ್ಡು ಹಳೆಯದು. ಬೆರಳಿಗೆ ರೂಢಿಯಾದದ್ದೆಂದು ಚಿಗವ್ವ ಅದೊಂದನ್ನು ಬಿಟ್ಟಿರಲಿಲ್ಲ. ಆ ಕಂಟ್ರೋಲ್ ಕೀ ಯಾವುದೋ ಕಾಲದಲ್ಲಿ ಚಹಾ ಕುಡಿದು ಮಲಗಿತ್ತು. ಹೆಬ್ಬೆರಳಿಟ್ಟು ಮೈಮೇಲಿನ ಭಾರವೆಲ್ಲ ಹಾಕಿ ಒತ್ತಿದಾಗ ಇಲಿ ಹೊರಗೆ ಬಂತು. ನನ್ನ ಉಸಿರೂ ಬಂತು.

ಸಂಜೆಯ ಹೊತ್ತಿಗೆ ಕಿಟಕಿಯೊಳಗೆ ಹಸಿರು ಗುಡ್ಡ, ನೀಲಿ ಆಕಾಶ ಮೂಡಿತು. ಹಳೇ ವಿಂಡೋಸಿನ ಆ ಚಿತ್ರ ನೋಡಿ ಚಿಗವ್ವ ಬಾಗಿಲಿಗೆ ಬಂದ ತವರಿನವರನ್ನು ಕಂಡ ಹಾಗೆ ಎದ್ದು ನಿಂತಳು. ಸೀಡಿ ಹಾಕಿದೆ. ಹಳೇ ಸಾಫ್ಟ್‌ವೇರು ಒಂದು ಮಾತಿಲ್ಲದೆ ಕೂತಿತು. ಹಳೇ ಕಾರ್ಡು ತೆರೆದೆ. ಪರದೇಶಿ ಅಕ್ಷರಗಳೆಲ್ಲ ಕನ್ನಡವಾಗಿ, ನೆತ್ತಿಯ ಮೇಲೆ ಬಾಲ ಸುತ್ತಿಕೊಂಡ ಶ್ರೀ ಕೂತಿತ್ತು. ನಾನು ಕುರ್ಚಿಯ ಮೇಲೆ ಕುಣಿದೆ. ಆ ಕುರ್ಚಿಗೆ ಚಕ್ರ ಇರುವುದು ಮರೆತಿದ್ದೆ. ಬದನೆಕಾಯಿಯ ಬುಟ್ಟಿಯಲ್ಲಿ ಹೋಗಿ ಕೂತೆ. ಗೀತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಚಿಗವ್ವ ಕೈತೊಳೆದು ಬಂದು, ಮಗಳ ಪತ್ರಿಕೆ ಟೈಪು ಮಾಡಲು ಕೂತಳು. ಬೆರಳು ಓಡಿದವು, ಆದರೆ ಅಕ್ಷರಗಳು ಓಡಲಿಲ್ಲ. ‘ಗೀತಾ’ ಎಂದು ಒತ್ತಿ ಅವಳು ಸಾರಿಗೆ ಉಪ್ಪು ನೋಡಿ ಬರುವಷ್ಟರಲ್ಲಿ ‘ಗೀ’ ಬಂದಿರುತ್ತಿತ್ತು. ಹೊಸ ಜಾಗ, ಇನ್ನೂ ರೂಢಿಯಾಗಬೇಕು ಎಂದು ನಾನು ಸಮಾಧಾನ ಹೇಳಿದೆ. ಅವಳು ನಂಬಿದಳು. ಒಂದೊಂದೇ ಅಕ್ಷರಕ್ಕೆ ಕಾಯುತ್ತ, ಸುಖಾಗಮನ ಬಯಸುವವರ ಹೆಸರಿನವರೆಗೂ ಮಾಡಿ ಮುಗಿಸಿದಳು. ನಡುನಡುವೆ ಅವಳ ಕೈ ತಾನಾಗಿಯೇ ಸೇವ್ ಒತ್ತುತ್ತಿತ್ತು. ಕರೆಂಟು ಹೇಳದೆ ಹೋಗುವ ಊರಿನಲ್ಲಿ ವರ್ಷಗಟ್ಟಲೆ ಟೈಪು ಮಾಡಿದ ಕೈ ಅದು.

ಗುರುವಾರ ಬೀಗರು ಬಂದರು. ಗಂಡಿನ ತಂದೆ ಮಾತು ಕಡಿಮೆ, ಮೀಸೆ ಹೆಚ್ಚು. ಅವರ ಹೆಂಡತಿ ಬೀಗತಿ ಅದಕ್ಕೆ ಉಲ್ಟಾ. ಹೊಸ್ತಿಲು ದಾಟುವಷ್ಟರಲ್ಲಿ ನನ್ನ ವಯಸ್ಸು, ಕೆಲಸ, ಲಗ್ನದ ವಿಚಾರ ಎಲ್ಲ ಕೇಳಿ ಮುಗಿಸಿದ್ದರು. ನೀರು, ಚಹಾ ಆದಮೇಲೆ ಗಂಡಿನ ತಂದೆ ಗಂಗಾವತಿಯ ಪ್ರೆಸ್ಸಿನ ಮಾತು ತೆಗೆದರು. ಚಿಗವ್ವ, ಒಂದ್ ಸಲ ನಮ್ಮದೂ ನೋಡ್ರಿ ಅಂದು ನನ್ನ ಕಡೆ ಕಣ್ಣು ಮಾಡಿದಳು. ನಾನು ಎದೆ ಉಬ್ಬಿಸಿ ಹೋಗಿ ಒಳಗಿನ ಮಷೀನಿಗೆ ಚಾಲೂ ಕೊಟ್ಟೆ.

ಕಿಟಕಿ ಕಪ್ಪಾಯಿತು. ಬಾಣದ ಜಾಗದಲ್ಲಿ ಸುತ್ತುವ ಉಂಗುರ ಬಂತು. ಸುತ್ತಿತು. ಸುತ್ತಿ ಸುತ್ತಿ ಅದೂ ನಿಂತಿತು. ಆಮೇಲೆ ಒಳಗಿನದೂ ಅಲುಗಲಿಲ್ಲ, ಹೊರಗಿನದೂ ಅಲುಗಲಿಲ್ಲ. ನನ್ನ ವಿದ್ಯೆ ಇದೆಯಲ್ಲ ಎಂದು ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಕಪ್ಪು, ಅದೇ ಉಂಗುರ. ಹಿಂದೆ ಬೀಗರು ನಿಂತಿದ್ದರು. ಚಿಗವ್ವನ ಬಳೆಗಳ ಸದ್ದು ನಿಂತದ್ದು ನನಗೆ ಕೇಳಿಸಿತು. ಆಗಲೇ ನಾನು ಟೇಬಲ್ಲಿನ ಕೆಳಗೆ ಇಳಿದದ್ದು. ಅಲ್ಲಿ ವೈರುಗಳ ನಡುವೆ ಕೂತು, ಕಂಪನಿಯವರೇ ಬರಬೇಕು ಎಂದು ಹೇಳುವುದೋ, ಹಾಗೇ ತೆವಳಿಕೊಂಡು ಕೊಪ್ಪಳದ ಬಸ್ಸು ಹಿಡಿಯುವುದೋ ಎಂದು ಯೋಚಿಸುತ್ತಿದ್ದೆ.

“ಇರ್ಲಿ ಬಿಡ್ರಿ, ಗಂಗಾವತ್ಯಾಗ ಆಕ್ಕೈತಿ,” ಎಂದು ಗಂಡಿನ ತಂದೆ ಅನ್ನುವುದು ಮೇಲಿನಿಂದ ಕೇಳಿಸಿತು.

“ಮದ್ಲ ಊಟ ಆಗ್ಲಿ ಬರ್ರಿ,” ಅಂದಳು ಚಿಗವ್ವ. ಆ ದನಿಯಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ.

ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಹೋಳಿಗೆ, ಕಟ್ಟಿನ ಸಾರು, ಸಜ್ಜೆ ರೊಟ್ಟಿ, ನಾನು ಕೂತೆದ್ದ ಬುಟ್ಟಿಯದೇ ಎಣ್ಣೆಗಾಯಿ. ನನ್ನನ್ನೂ ಬೀಗರ ಸಾಲಿನಲ್ಲಿ ಕೂರಿಸಿದರು. ಚಿಗವ್ವ ಒಬ್ಬಳೇ ಓಡಾಡಿ ಬಡಿಸುತ್ತಿದ್ದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ, ಮುಖ ಬಾಡಿತ್ತು. ಬೀಗತಿಯ ಎಲೆಗೆ ಮೂರನೇ ಹೋಳಿಗೆ ಹಾಕಿ ತುಪ್ಪ ಬಿಡಲು ಬಗ್ಗಿದವಳ ಕೈತಪ್ಪಿ, ತುಪ್ಪ ಎಲೆಯ ಹೊರಗೆ ಚೆಲ್ಲಿತು. ಬೀಗತಿ ಆ ಕೈ ಹಿಡಿದುಕೊಂಡರು.

“ಅಕ್ಕಾರ, ನೀವೂ ಒಂದು ಎಲಿ ಹಾಕ್ಕೊಂಡು ಕೂಡ್ರಿ. ಮನಿಯವ್ರು ಉಪಾಸ ಬಿದ್ರ, ಬೀಗರಿಗೆ ನೀಡಾವ್ರು ಯಾರು?”

ನನ್ನ ಬಾಯಿಯ ಹೋಳಿಗೆ ಅರ್ಧಕ್ಕೇ ನಿಂತಿತು. ಒಳಗಿನ ಮಷೀನಿಗೆ ಬಡಿಸುವವರು ಯಾರು? ಹೊರಗಿನ ಮಷೀನು. ಹೊರಗಿನದರ ಎಲೆಯಲ್ಲಿ ನಾನು ಏನು ಉಳಿಸಿದ್ದೆ? ಏನೂ ಇಲ್ಲ. ಪಾಪ, ಅದು ಹಸಿದ ಹೊಟ್ಟೆಯಲ್ಲಿ ತುಂಬಿದ ತಟ್ಟೆ ಹೊತ್ತುಕೊಂಡು ನಿಂತಲ್ಲೇ ಬವಳಿ ಬಂದು ಬಿದ್ದಿತ್ತು. ನಾನು ಎಂಜಲು ಕೈಯಲ್ಲೇ ಎದ್ದೆ. ಎಲೆ ಬಿಟ್ಟು ಹಾಗೆ ಏಳಬಾರದು ಎಂದು ಗೀತಾ ಕೂಗುತ್ತಿದ್ದಳು. ಸಾರಿನ ಬಟ್ಟಲು ಒದ್ದೆ, ಬಾಗಿಲ ಪರದೆಗೆ ಸಿಕ್ಕಿಕೊಂಡೆ, ಅದನ್ನು ಹೊದ್ದುಕೊಂಡೇ ಅಂಗಡಿಗೆ ಹೋಗಿ ಬಿದ್ದೆ.

ಎಡಗೈಯಲ್ಲಿ ಕಂಪ್ಯೂಟರು ಆಫ್ ಮಾಡಿ, ಆನ್ ಮಾಡಿ, ಈ ಸಲ ಒಳಗಿನ ಮಷೀನನ್ನು ಎಬ್ಬಿಸುವ ಮೊದಲು ಆ ಪಟ್ಟಿಯನ್ನು ತೆರೆದೆ. ಗುಂಡಿಯನ್ನು ಕುಂಕುಮದ ಬಣ್ಣದಿಂದ ಹಿಂದಕ್ಕೆ ಎಳೆದು ಹಸಿರಿನ ನಡುವೆ ತಂದು ಬಿಟ್ಟೆ. ಎರಡು ಬೀಗರಿಗೆ, ಎರಡು ಮನೆಗೆ. ಚಾಲೂ ಒತ್ತಿದೆ. ಕಪ್ಪು ಕಿಟಕಿ ಒಂದು ಸಲ ಕಣ್ಣು ಮಿಟುಕಿಸಿತು. ಹಸಿರು ಗುಡ್ಡ ಟಣ್ಣನೆ ಎದ್ದು ನಿಂತಿತು. ಫೈಲು ತೆರೆದೆ. ಚಿಗವ್ವನ ಕೈ ಒತ್ತಿದ ಸೇವ್ ಒಂದೂ ಸುಳ್ಳಾಗಿರಲಿಲ್ಲ. ಪತ್ರಿಕೆ ಶ್ರೀಯಿಂದ ಕೊನೆಯ ಹೆಸರಿನವರೆಗೆ ಅಲ್ಲೇ ಇತ್ತು.

“ಚಿಗವ್ವಾ, ಬೀಗರು ಎದ್ರು,” ಎಂದು ಕೂಗಿದೆ. ಪಡಸಾಲೆಯಲ್ಲಿದ್ದ ನಿಜವಾದ ಬೀಗರು ತಮ್ಮನ್ನೇ ಎಬ್ಬಿಸುತ್ತಿದ್ದಾರೆಂದು ಗಾಬರಿಯಾಗಿ ಊಟ ಬಿಟ್ಟು ಎದ್ದರಂತೆ.

ಎಲ್ಲರೂ ಕೈ ತೊಳೆದುಕೊಂಡು ಬಂದರು. ಗಂಡಿನ ತಂದೆ ಪರದೆಗೆ ಮೀಸೆ ತಾಗುವಷ್ಟು ಬಗ್ಗಿ ಓದಿದರು. ತಮ್ಮ ತಾಯಿಯ ಹೆಸರು ಬಂದ ಸಾಲಿನಲ್ಲಿ ನಿಂತರು. ಆ ಹೆಸರನ್ನು ಊರಲ್ಲಿ ಎಲ್ಲರೂ ಮೊಟಕು ಮಾಡಿ ಕರೆಯುತ್ತಿದ್ದರಂತೆ, ಪೂರ್ತಿ ಹೆಸರು ಇವರಿಗೆ ಹೇಗೆ ಗೊತ್ತು ಎಂದು ಕೇಳಿದರು. ನಿಮ್ಮ ತಂಗಿಯ ಪತ್ರಿಕೆ ನಾನೇ ಮಾಡಿದ್ದೆ ಎಂದು ಚಿಗವ್ವ ಹೇಳಿದಳು. ಆ ಮನುಷ್ಯ ಅಲ್ಲೇ ಫೋನು ತೆಗೆದು ಗಂಗಾವತಿಗೆ ಹಚ್ಚಿ, ನಾವು ಬರುವುದಿಲ್ಲ, ನಮ್ಮ ಬೀಗರ ಮನೆಯಲ್ಲೇ ಆಯಿತು ಅಂದರು.

ಚಿಗವ್ವ ಆಗ ಊಟಕ್ಕೆ ಕೂತಳು. ಬೀಗತಿ ನಿಂತು ಬಡಿಸಿದರು.

ಇವತ್ತು ಅರಿಷಿಣದ ಕವರು ಕೈಯಲ್ಲಿ ಹಿಡಿದು ಇದನ್ನೆಲ್ಲ ನೆನೆಯುತ್ತ ಕೂತಿದ್ದೆ. ಕ್ಲಾಸಿನಲ್ಲಿ ಈಗಲೂ ಆ ಪಟ್ಟಿ ತೋರಿಸುವಾಗ ಹುಡುಗರಿಗೆ, ಕೆಂಪು ಕುಂಕುಮವಲ್ಲ ಅನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ, ಬರೆದುಕೊಳ್ಳುತ್ತಾರೆ. ಚಿಗವ್ವನಿಗೆ ಫೋನು ಹಚ್ಚಿ ಕಾರ್ಡು ಮುಟ್ಟಿತು ಅಂದೆ. ಅಂಗಡಿಯಲ್ಲಿ ಮಂದಿ ಇದ್ದರು. ತಡೀರಿ, ಒಳಗಿನವರು ಇನ್ನೂ ಏಳುತ್ತಿದ್ದಾರೆ ಎಂದು ಅವರಿಗೆ ಹೇಳುವುದು ಕೇಳಿಸಿತು. ಒಳಗಿನವರಿಗೆ ಈಗ ಎಷ್ಟು ಕೊಡುತ್ತಿದ್ದೀ ಎಂದು ಕಾಡಿಸಿದೆ. ಕಾಡಿಸಿದ್ದೇ ತಡ, ನನಗೇ ತಿರುಗಿ ಬಂತು. ಬೆಳಿಗ್ಗೆ ನಾಷ್ಟಾ ಮಾಡಿದೆಯಾ ಎಂದು ಕೇಳಿದಳು. ಕ್ಲಾಸಿಗೆ ತಡವಾಗಿತ್ತು, ಬರೀ ಚಹಾ ಕುಡಿದು ಬಂದೆ ಅಂದೆ.

“ತೊಟ್ಟಲ ದಿನ ಲಗೂನ ಬಾ. ಮಂಗಳೂರಿನವ್ರು ಭಾಳ ಮಂದಿ ಬರಾಕತ್ತಾರ, ನೀಡಾಕ ನೀನ ನಿಲ್ಲಬೇಕು,” ಅಂದಳು. “ಆದ್ರ ತಮ್ಮಾ, ಮದ್ಲ ಉಂಡು ನಿಲ್ಲು. ನಿನಗೂ ಎರಡು ಜಿಬಿ ಹೋಳಿಗಿ ತಗದು ಇಟ್ಟಿರ್ತೀನಿ.”